ಆನ್‌ಲೈನ್ ಜೂಜು: ಅರೆಸತ್ಯಗಳ ಆಶ್ರಯ

ಧರ್ಮರಾಯನು ಶಕುನಿಯ ಎದುರು ರಾಜ್ಯವನ್ನು ಸೋತುದನ್ನೂ, ನಳನು ಪುಷ್ಕರನಿಗೆ ಸರ್ವಸ್ವವನ್ನೊಪ್ಪಿಸಿ ಕಾಡು ಸೇರಿದುದನ್ನೂ ಯಕ್ಷಗಾನದ ರಂಗದಲ್ಲಿ ಬೆಳಗಾಗುವವರೆಗೆ ಕಂಡ ಕರಾವಳಿಯ ಜನಕ್ಕೆ ದ್ಯೂತದ ಪರಿಣಾಮವನ್ನು ಬೋಧಿಸಬೇಕಾದುದಿಲ್ಲ. ಆದರೂ ಭಟ್ಕಳ, ಹೊನ್ನಾವರ, ಕುಮಟಾಗಳಲ್ಲಿ ಓಸಿ (ಮಟ್ಕಾ) ಚೀಟಿ ಬರೆಸುವುದು ಅಪರಾಧವೆಂದು ಚೆನ್ನಾಗಿ ಬಲ್ಲವನೇ, ಮೊಬೈಲಿನಲ್ಲಿ ಹಣ ಕಟ್ಟಿ ಆಡುವುದಕ್ಕೆ ಕಾನೂನಿನ ಸಮ್ಮತಿಯುಂಟೆಂದು ನಿಶ್ಚಿಂತನಾಗಿರುವನು. ಈ ಭ್ರಾಂತಿಯು ಶುದ್ಧ ಅಸತ್ಯದಿಂದ ಹುಟ್ಟಿದುದಲ್ಲ. ಅರೆಸತ್ಯಗಳಿಂದ ಹುಟ್ಟಿದುದು, ಆದುದರಿಂದಲೇ ಹೆಚ್ಚು ಅಪಾಯಕರವಾದುದು.

1867ರ ಸಾರ್ವಜನಿಕ ಜೂಜು ಅಧಿನಿಯಮವೇ ನಮ್ಮ ಏಕೈಕ ಕಾನೂನು, ಅದರಲ್ಲಿ ಅಂತರಜಾಲದ ಹೆಸರೇ ಇಲ್ಲ ಎಂಬುದು ಮೊದಲನೆಯ ಭ್ರಾಂತಿ. 1862ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿದ ಉತ್ತರ ಕನ್ನಡದಲ್ಲಿ ನಡೆದುದು 1887ರ ಮುಂಬಯಿ ಜೂಜು ನಿರೋಧಕ ಅಧಿನಿಯಮ. ಏಕೀಕರಣಾನಂತರ 1963ರ ಪೊಲೀಸ್ ಅಧಿನಿಯಮದ ಜೂಜು ವಿಧಿಗಳು ಇಡೀ ರಾಜ್ಯಕ್ಕೆ ಅನ್ವಯಿಸಿದವು. ಜೂಜು ಸಂವಿಧಾನದ ಏಳನೆಯ ಅನುಸೂಚಿಯಂತೆ ರಾಜ್ಯಗಳ ಅಧಿಕಾರಕ್ಕೆ ಸೇರಿದ ವಿಷಯ. ಆದಕಾರಣ ಮಾಂಡೋವಿ ನದಿಯ ಕ್ಯಾಸಿನೋಗಳಿಗೆ ಗೋವೆಯಿತ್ತ ಪರವಾನಗಿಯು ಗಡಿ ದಾಟಿ ಕಾರವಾರಕ್ಕೂ ಬಾರದು, ಕುಮಟಾಕ್ಕೂ ಬಾರದು.

ಎರಡನೆಯದು, ರಮ್ಮಿಯು ಕೌಶಲದ ಆಟವಾದುದರಿಂದ ನಿರ್ಬಾಧಿತವೆಂಬುದು. ಆಂಧ್ರಪ್ರದೇಶ ಮತ್ತು ಸತ್ಯನಾರಾಯಣ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಹಾಗೆಂದುದು ನಿಜ. ಆದರೆ ಆಡಿಸುವವನು ಪಣದಿಂದ ಲಾಭ ಗಳಿಸಿದಲ್ಲಿ ಅಪರಾಧವಾಗಬಹುದೆಂಬ ಎಚ್ಚರಿಕೆಯೂ ಅದೇ ತೀರ್ಪಿನಲ್ಲಿದೆ. ಪಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದ ಕರ್ನಾಟಕದ ಪೊಲೀಸ್ ಅಧಿನಿಯಮದ 2021ರ ತಿದ್ದುಪಡಿಯ ಮುಖ್ಯ ವಿಧಿಗಳನ್ನು ನಮ್ಮ ಉಚ್ಚ ನ್ಯಾಯಾಲಯವು 2022ರ ಫೆಬ್ರುವರಿ 14ರಂದು ರದ್ದುಗೊಳಿಸಿದಾಗಲೂ, ಅದರ ರಕ್ಷಣೆ ಕೌಶಲದ ಆಟಕ್ಕೆ ಸಂದಿತೇ ವಿನಾ ಮಟ್ಕಾದಂತಹ ಅದೃಷ್ಟದ ಜೂಜಿಗಲ್ಲ. 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಆನ್‌ಲೈನ್ ಗೇಮಿಂಗ್ ಅಧಿನಿಯಮವಂತೂ ಕೌಶಲ, ಅದೃಷ್ಟಗಳ ಭೇದವನ್ನೇ ಬದಿಗಿರಿಸಿ, ಗೆಲುವಿನ ಆಸೆಯಿಂದ ಹಣ ಕಟ್ಟಿ ಆಡುವ ಸಕಲ ಆನ್‌ಲೈನ್ ಆಟಗಳನ್ನೂ ನಿಷಿದ್ಧವೆಂದು ಸಾರಿದೆ. ಹಣದ ಪಣವಿಲ್ಲದ ವಿನೋದದ ಆಟಗಳಿಗೂ ಇ-ಕ್ರೀಡೆಗಳಿಗೂ ಬೇರೆಯೇ ಸ್ಥಾನ ಕೊಟ್ಟಿದೆ.

ಕಂಪನಿಯು ಹೊರದೇಶದ್ದು, ನಮ್ಮ ಕಾನೂನು ಅದಕ್ಕೆ ತಾಗದು ಎನ್ನುವವರುಂಟು. ವಿದೇಶದಿಂದ ನಡೆಸಿ ಇಲ್ಲಿ ಒದಗಿಸುವ ಸೇವೆಗೂ ಈ ಅಧಿನಿಯಮ ಅನ್ವಯಿಸುತ್ತದೆ. ಗೆದ್ದ ಹಣಕ್ಕೆ ಶೇಕಡಾ 30ರಷ್ಟು ಆದಾಯ ತೆರಿಗೆ ಕಟ್ಟಿರುವಾಗ ಅಕ್ರಮವೆಲ್ಲಿಯದು ಎನ್ನುವವರುಂಟು. ತೆರಿಗೆಯು ಆದಾಯದ ಮೇಲೆ ಬೀಳುವುದೇ ಹೊರತು ಅದರ ಮೂಲವನ್ನು ಪಾವನಗೊಳಿಸಲಾರದು. ಖ್ಯಾತ ಆಟಗಾರರೇ ಜಾಹೀರಾತಿನಲ್ಲಿ ಕಾಣಿಸಿಕೊಂಡರಲ್ಲವೇ ಎನ್ನುವವರಿಗೆ, ಅಂತಹ ಜಾಹೀರಾತಿಗೇ ಎರಡು ವರ್ಷಗಳವರೆಗೆ ಸೆರೆವಾಸ, 50 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಬಹುದೆಂಬುದೇ ಉತ್ತರ.

ಈ ಅಧಿನಿಯಮವು ಕೇವಲ ಆಡಿದವನನ್ನು ಶಿಕ್ಷಿಸುವುದಿಲ್ಲವೆಂಬುದು ಸತ್ಯ. ಆದರೆ ಶಿಕ್ಷೆಯಿಲ್ಲವೆಂದಮಾತ್ರಕ್ಕೆ ರಕ್ಷಣೆಯುಂಟೆಂದು ತಿಳಿಯುವುದೇ ಕಟ್ಟಕಡೆಯ, ಅತ್ಯಂತ ದುಬಾರಿಯಾದ ಭ್ರಾಂತಿ. 1872ರ ಕರಾರು ಅಧಿನಿಯಮದ 30ನೆಯ ಪ್ರಕರಣದಂತೆ ಬಾಜಿಯ ಒಪ್ಪಂದವು ಶೂನ್ಯ. ಗೆದ್ದ ಹಣವನ್ನು ಕೊಡದವನ ಮೇಲೆ ದಾವೆ ಹೂಡಿ ಫಲವಿಲ್ಲ. 2025ರ ಅಧಿನಿಯಮದಂತೆ ಆಡಿಸುವವನಿಗೂ ಹಣದ ವಹಿವಾಟಿಗೆ ನೆರವಾಗುವವನಿಗೂ ಮೂರು ವರ್ಷಗಳವರೆಗೆ ಸೆರೆವಾಸ, ಒಂದು ಕೋಟಿ ರೂಪಾಯಿಗಳವರೆಗೆ ದಂಡವಿರುವುದರಿಂದ, ಕಮಿಷನ್ನಿನ ಆಸೆಗೆ ತನ್ನ ಬ್ಯಾಂಕ್ ಖಾತೆಯನ್ನು ಪರರಿಗೆ ಒಪ್ಪಿಸುವ ತರುಣನು ಆಟಗಾರನ ಸಾಲಿನಿಂದ ಆರೋಪಿಯ ಸಾಲಿಗೆ ತಾನಾಗಿಯೇ ಜಾರುವನು.

ಆದುದರಿಂದ ಓದುಗರಲ್ಲಿ ಬಿನ್ನಹವಿಷ್ಟೇ: ಹಣ ಕಟ್ಟಿ ಆಡಲು ಕರೆಯುವ ಲಿಂಕನ್ನು ಯಾರಿಗೂ ಕಳುಹಿಸಬೇಡಿ, ಖಾತೆಯನ್ನು ಯಾರಿಗೂ ಎರವಲು ಕೊಡಬೇಡಿ, ವಂಚನೆಗೊಳಗಾದಲ್ಲಿ ನಾಚಿಕೆಯಿಂದ ಮುಚ್ಚಿಡದೆ ತತ್‌ಕ್ಷಣವೇ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆಮಾಡಿ ದೂರು ಕೊಡಿ.