ಹಳೆಯ ಯಂತ್ರಕ್ಕೆ ಹೊಸ ಜೀವ: ಡೆಬಿಯನ್ ೧೩

ಮನೆಯಲ್ಲಿ ಹತ್ತು ವರ್ಷಗಳ ಹಿಂದೆ ಕೊಂಡ ಕಂಪ್ಯೂಟರೊಂದು ಇದೆಯೆನ್ನಿ. ಪರದೆ ಒಡೆದಿಲ್ಲ, ಕೀಲಿಮಣೆ ಸವೆದಿಲ್ಲ. ಆದರೂ ಅದನ್ನು ಗುಜರಿಗೆ ಹಾಕಿ ಹೊಸದನ್ನು ತರಬೇಕೆಂದು ಮಕ್ಕಳು ಹಟ ಹಿಡಿದಿದ್ದಾರೆ. ಅವರ ಮಾತಿಗೆ ಕಾರಣವಿಲ್ಲದೆ ಇಲ್ಲ. ಬಹುಮಂದಿ ಬಳಸುತ್ತಿದ್ದ ವಿಂಡೋಸ್ ೧೦ಕ್ಕೆ ಅದರ ತಯಾರಕರ ಸಾಮಾನ್ಯ ಬೆಂಬಲವು ೨೦೨೫ನೆಯ ಅಕ್ಟೋಬರ್ ೧೪ಕ್ಕೆ ಮುಗಿಯಿತು. ಮುಂದಿನ ವಿಂಡೋಸ್ ೧೧ ಕೇಳುವ ಭದ್ರತಾ ಅಂಗವೂ ಹೊಸ ತಲೆಮಾರಿನ ಸಂಸ್ಕಾರಕವೂ ಹಳೆಯ ಯಂತ್ರಗಳಲ್ಲಿ ಅನೇಕಕ್ಕೆ ಇಲ್ಲ. ಹಾಗಾದರೆ ದುಡಿಯಬಲ್ಲ ಎತ್ತನ್ನು ಕೊಟ್ಟಿಗೆಯಿಂದ ಹೊರಗಟ್ಟುವುದೊಂದೇ ದಾರಿಯೆ? ಅದೇ ವರ್ಷದ ಆಗಸ್ಟ್ ೯ರಂದು ಹೊರಬಂದ ಡೆಬಿಯನ್ ೧೩ ಎಂಬ ವ್ಯವಸ್ಥೆಯನ್ನು ಈ ಪ್ರಶ್ನೆಯಿಟ್ಟುಕೊಂಡು ಪರೀಕ್ಷಿಸುವುದು ಉಚಿತ.

ಮೊದಲು ಹೆಸರುಗಳ ಗೊಂದಲವನ್ನು ಬಿಡಿಸಿಕೊಳ್ಳೋಣ. ೧೯೯೧ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಬರೆಯತೊಡಗಿದ ಲಿನಕ್ಸ್ ಎಂಬುದು ವ್ಯವಸ್ಥೆಯ ತಿರುಳು ಮಾತ್ರ. ತಿರುಳೊಂದರಿಂದ ಮನೆಯ ಕೆಲಸ ಸಾಗದು. ಪತ್ರ ಬರೆಯುವ, ಚಿತ್ರ ನೋಡುವ, ಹಾಡು ಕೇಳುವ ಸಾಧನಗಳೂ ಜೊತೆಗೆ ಬೇಕು. ಬೇರೆಬೇರೆ ಕೈಗಳಿಂದ ಬಂದ ಓಲೆಗಳನ್ನು ಕೂಡಿಸಿ, ತಪ್ಪು ತಿದ್ದಿ, ಒಂದು ಗ್ರಂಥವಾಗಿ ಸಂಪಾದಿಸುವಂತೆ, ಇವೆಲ್ಲವನ್ನೂ ಹೊಂದಿಸಿ ಕೊಡುವ ಕಟ್ಟಿಗೆ ವಿತರಣೆ ಎಂದು ಹೆಸರು. ಡೆಬಿಯನ್ ಅಂಥ ವಿತರಣೆ. ೧೯೯೩ರಲ್ಲಿ ಇದನ್ನು ಆರಂಭಿಸಿದ ಇಯಾನ್ ಮರ್ಡಾಕ್ ತನ್ನ ಗೆಳತಿ ಡೆಬ್ರಾಳ ಹೆಸರಿಗೆ ತನ್ನ ಹೆಸರನ್ನು ಸೇರಿಸಿ ಈ ಪದವನ್ನು ಮಾಡಿದ. ಇಂದಿಗೂ ಇದನ್ನು ನಡೆಸುವವರು ಲೋಕದ ನಾನಾ ದೇಶಗಳ ಸ್ವಯಂಸೇವಕರು. ಇಳಿಸಿಕೊಳ್ಳಲು ಬೆಲೆಯಿಲ್ಲ, ನೆರೆಯವರಿಗೆ ಕೊಟ್ಟರೆ ಅಪರಾಧವೂ ಅಲ್ಲ. ಈ ಆವೃತ್ತಿಯ ಅಡ್ಡಹೆಸರು ಟ್ರಿಕ್ಸಿ. ‘ಟಾಯ್ ಸ್ಟೋರಿ’ ಚಲನಚಿತ್ರಗಳಲ್ಲಿ ಬರುವ ಆಟಿಕೆಯ ಹೆಸರು.

ಈಗ ಒಳಗಿನ ಹೊಸತನಕ್ಕೆ ಬರೋಣ. ತಿರುಳು ೬.೧೨ನೆಯದು. ಭಂಡಾರದಲ್ಲಿ ಸುಮಾರು ೭೦ ಸಾವಿರ ತಂತ್ರಾಂಶದ ಪೊಟ್ಟಣಗಳಿವೆ. ಪರದೆಯ ಮೇಲಿನ ವಿನ್ಯಾಸವನ್ನು ಅವರವರ ಅಭಿರುಚಿಗೆ ತಕ್ಕಂತೆ ಆರಿಸಬಹುದು: ಗ್ನೋಮ್ ೪೮, ಪ್ಲಾಸ್ಮಾ ೬.೩, ಎಕ್ಸ್‌ಎಫ್‌ಸಿಇ ೪.೨೦ ಮೊದಲಾದವು. ಗ್ನೋಮ್‌ನಲ್ಲಿ ದಿನಕ್ಕೆ ಎಷ್ಟು ಹೊತ್ತು ಪರದೆಯ ಮುಂದೆ ಕುಳಿತಿರೆಂದು ಲೆಕ್ಕವಿಟ್ಟು, ಕಣ್ಣಿಗೆ ಬಿಡುವು ಕೊಡಿರೆಂದು ಎಚ್ಚರಿಸುವ ಏರ್ಪಾಡು ಬಂದಿದೆ. ಮಕ್ಕಳಿರುವ ಮನೆಗೆ ಇದು ಒಳ್ಳೆಯದು. ಆದರೆ ಗ್ನೋಮ್‌ಗೆ ಹಸಿವು ಹೆಚ್ಚು. ನಾಲ್ಕು ಜಿ.ಬಿ. ಸ್ಮೃತಿಯ ಹಳೆಯ ಯಂತ್ರವೊಂದರಲ್ಲಿ ಅದನ್ನು ಹಾಕಿ ನೋಡಿದೆ. ನಡೆಯಿತು, ಆದರೆ ಏದುಸಿರು ಬಿಟ್ಟಿತು. ಅದೇ ಯಂತ್ರಕ್ಕೆ ಎಕ್ಸ್‌ಎಫ್‌ಸಿಇ ಹಾಕಿದಾಗ ಕೆಲಸ ಸರಾಗವಾಯಿತು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆ ಇಲ್ಲಿಯೂ ಸಲ್ಲುತ್ತದೆ. ಇನ್ನೊಂದು ಎಚ್ಚರಿಕೆ: ತಾತ್ಕಾಲಿಕ ಕಡತಗಳನ್ನು ಈ ಆವೃತ್ತಿ ಸಾಮಾನ್ಯವಾಗಿ ಸ್ಮೃತಿಯಲ್ಲಿಯೇ ಇರಿಸುವುದರಿಂದ ಕಡಮೆ ಸ್ಮೃತಿಯವರು ಇದನ್ನು ಗಮನದಲ್ಲಿಡಬೇಕು.

ಕಣ್ಣಿಗೆ ಕಾಣದ ಸುಧಾರಣೆಯೊಂದು ಇವೆಲ್ಲಕ್ಕಿಂತ ದೊಡ್ಡದು. ಇಂಥ ವ್ಯವಸ್ಥೆಗಳು ಕಾಲವನ್ನು ೧೯೭೦ನೆಯ ಜನವರಿ ೧ರಿಂದ ಎಷ್ಟು ಸೆಕೆಂಡುಗಳು ಕಳೆದವು ಎಂದು ಎಣಿಸುತ್ತವೆ. ಹಳೆಯ ಪದ್ಧತಿಯಲ್ಲಿ ಈ ಎಣಿಕೆಗೆ ಕೊಟ್ಟ ಸ್ಥಳ ೩೨ ಬಿಟ್ಟುಗಳು. ಅದರಲ್ಲಿ ೨೧೪ ಕೋಟಿ ೭೪ ಲಕ್ಷ ೮೩ ಸಾವಿರದ ೬೪೭ರವರೆಗೆ ಮಾತ್ರ ಬರೆಯಬಹುದು. ೨೦೩೮ನೆಯ ಜನವರಿ ೧೯ರಂದು, ನಮ್ಮ ಗಡಿಯಾರದಂತೆ ಬೆಳಿಗ್ಗೆ ೮ ಗಂಟೆ ೪೪ ನಿಮಿಷ ೭ ಸೆಕೆಂಡಿಗೆ, ಪಾತ್ರೆ ತುಂಬುತ್ತದೆ. ಮರು ಸೆಕೆಂಡಿಗೆ ಎಣಿಕೆ ಹಿಂದಕ್ಕೆ ಬಿದ್ದು ೧೯೦೧ನೆಯ ಡಿಸೆಂಬರ್ ತಿಂಗಳನ್ನು ತೋರಿಸೀತು. ಕೈಗಡಿಯಾರವಾದರೆ ನಕ್ಕು ಸುಮ್ಮನಾಗಬಹುದು. ಲೆಕ್ಕಪತ್ರ ಇಡುವ ಯಂತ್ರವಾದರೆ ನಗಲಾಗದು. ಆದಕಾರಣ ೩೨ ಬಿಟ್ಟಿನ ಯಂತ್ರಗಳಿಗೂ ೬೪ ಬಿಟ್ಟಿನ ಕಾಲಗಣನೆಯನ್ನೇ ಈ ಆವೃತ್ತಿ ಒದಗಿಸಿದೆ. ಹಳೆಯ ತಂತ್ರಾಂಶಗಳು ಕೆಡದಿರಲೆಂದು ಐ೩೮೬ ಎಂಬ ಒಂದು ಬಗೆಯನ್ನು ಮಾತ್ರ ಹೊರಗಿರಿಸಿದ್ದಾರೆ.

ಈ ಐ೩೮೬ ಎಂಬುದೇ ನಮ್ಮ ಪ್ರಶ್ನೆಯ ನೋವಿನ ಭಾಗ. ಪೆಂಟಿಯಮ್ ಕಾಲದ ೩೨ ಬಿಟ್ಟಿನ ಯಂತ್ರಗಳು ಈ ಬಗೆಗೆ ಸೇರಿದವು. ಅವುಗಳಿಗೆ ಹೊಸದಾಗಿ ಹಾಕಿಕೊಳ್ಳುವ ಸೌಲಭ್ಯ ಡೆಬಿಯನ್ ೧೩ರಲ್ಲಿ ಇಲ್ಲ. ಹಿಂದಿನ ೧೨ನೆಯ ಆವೃತ್ತಿಗೇ ಅದು ಕೊನೆಯಾಯಿತು. ಮುದುಕರನ್ನು ಕೈಬಿಡುವುದಿಲ್ಲವೆಂದು ಹೆಸರಾದ ಮನೆಯಲ್ಲಿಯೂ ಕಟ್ಟಕಡೆಗೆ ಬಾಗಿಲು ಮುಚ್ಚಿತಲ್ಲಾ ಎಂದು ಮರುಕವಾಗುತ್ತದೆ. ಆದರೆ ಹತ್ತು ಹದಿನೈದು ವರ್ಷಗಳೊಳಗೆ ಕೊಂಡ ಗೃಹಯಂತ್ರಗಳಲ್ಲಿ ಹೆಚ್ಚಿನವು ೬೪ ಬಿಟ್ಟಿನವೇ ಆದುದರಿಂದ ಬಹುಪಾಲು ಓದುಗರು ಅಂಜಬೇಕಾಗಿಲ್ಲ. ಯಂತ್ರದ ಗುಣವಿವರದಲ್ಲಿ ಇದನ್ನು ಮೊದಲೇ ನೋಡಿಕೊಂಡರಾಯಿತು.

ಇನ್ನು ಕನ್ನಡದ ಮಾತು. ಕೆ. ಪಿ. ರಾವ್ ಅವರ ವಿನ್ಯಾಸವನ್ನು ಅನುಸರಿಸಿದ ಕಗಪ ಕೀಲಿಮಣೆಯನ್ನು ಇಲ್ಲಿ ಆರಿಸಿಕೊಳ್ಳಬಹುದು. ಗುಬ್ಬಿ, ನವಿಲು ಎಂಬ ಅಚ್ಚುಕಟ್ಟಾದ ಅಕ್ಷರಶೈಲಿಗಳು ಭಂಡಾರದಲ್ಲಿವೆ. ‘ರಾಷ್ಟ್ರ’, ‘ಸ್ತ್ರೀ’, ‘ಸೂರ್ಯ’ ಎಂದು ಬರೆದು ನೋಡಿದೆ. ಒತ್ತಕ್ಷರ ಜಾರಲಿಲ್ಲ, ಅರ್ಕಾವೊತ್ತು ಸ್ಥಾನ ತಪ್ಪಲಿಲ್ಲ. ಪತ್ರ ಬರೆಯುವ ಲಿಬ್ರೆ ಆಫೀಸ್‌ಗೆ ಕನ್ನಡದ ಮುಖವನ್ನೂ ತೊಡಿಸಬಹುದು. ಆದರೆ ಅನುವಾದ ಎಲ್ಲೆಡೆಯೂ ಪೂರ್ಣವಾಗಿಲ್ಲ. ಕನ್ನಡದ ಸಾಲುಗಳ ನಡುವೆ ಇಂಗ್ಲಿಷ್ ಪದಗಳು ಜೋಳದಲ್ಲಿಯ ಕಲ್ಲಿನಂತೆ ಹಲ್ಲಿಗೆ ಸಿಕ್ಕುತ್ತವೆ. ಇದಕ್ಕೆ ದೂರದವರನ್ನು ದೂರಿ ಫಲವಿಲ್ಲ. ಸ್ವಯಂಸೇವಕರು ಕಟ್ಟಿದ ಮನೆಯಲ್ಲಿ ನಮ್ಮ ಕೋಣೆಗೆ ಸುಣ್ಣ ಬಳಿಯಬೇಕಾದವರು ನಾವೇ. ಯೂನಿಕೋಡ್‌ಗೆ ಮುಂಚಿನ ಪದ್ಧತಿಯಲ್ಲಿ ಬರೆದಿಟ್ಟ ಹಳೆಯ ಕಡತಗಳು ನೇರವಾಗಿ ಓದಲು ಬಾರವು. ಅವನ್ನು ಮೊದಲು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಬೇಕು.

ಪ್ರಯೋಗಿಸುವವರು ಅವಸರಪಡಬಾರದು. ಮನೆಯ ಚಿತ್ರಗಳು, ಪತ್ರಗಳು, ಲೆಕ್ಕಗಳು ಎಲ್ಲವನ್ನೂ ಬೇರೆಡೆ ನಕಲು ಮಾಡಿಟ್ಟುಕೊಳ್ಳಿ. ಅನಂತರ ವ್ಯವಸ್ಥೆಯನ್ನು ಯು.ಎಸ್.ಬಿ. ಕಡ್ಡಿಯೊಂದಕ್ಕೆ ಬರೆಸಿ, ಯಂತ್ರದ ಒಳಗಿನದನ್ನು ಮುಟ್ಟದೆ ಅದರಿಂದಲೇ ನಡೆಸಿ ನೋಡಿ. ಧ್ವನಿ ಬರುತ್ತದೆಯೆ, ಅಂತರಜಾಲದ ಸಂಪರ್ಕ ಸಿಕ್ಕುತ್ತದೆಯೆ, ಮುದ್ರಣಯಂತ್ರ ಮಾತು ಕೇಳುತ್ತದೆಯೆ ಎಂದು ಪರೀಕ್ಷಿಸಿ. ಎಲ್ಲವೂ ಸರಿಯೆನಿಸಿದರೆ ಮಾತ್ರ ಸ್ಥಾಪಿಸಿರಿ. ವಿಂಡೋಸ್‌ಗೆಂದೇ ಮಾಡಿದ ಯಾವುದಾದರೂ ತಂತ್ರಾಂಶ ಜೀವನೋಪಾಯಕ್ಕೆ ಅಗತ್ಯವಿದ್ದವರು ಈ ದಾರಿಗೆ ಬಾರದಿರುವುದೇ ಲೇಸು. ಉಳಿದವರಿಗೆ ಐದು ವರ್ಷಗಳ ಕಾಲ ಭದ್ರತೆಯ ತಿದ್ದುಪಡಿಗಳು ದೊರೆಯುತ್ತವೆ.

ಹೊಸದೆಂಬ ಕಾರಣಕ್ಕೆ ಈ ಆವೃತ್ತಿಯನ್ನು ನಾನು ಹೊಗಳಲಾರೆ. ಮೂಲೆ ಸೇರಿದ್ದ ಯಂತ್ರದ ಮುಂದೆ ಮಗುವೊಂದು ಮತ್ತೆ ಕುಳಿತು ತನ್ನ ನುಡಿಯಲ್ಲಿ ನಾಲ್ಕು ಸಾಲು ಬರೆಯುವಂತಾದರೆ, ಆಗ ಹೊಗಳಿದರೂ ಸಲ್ಲುತ್ತದೆ.