ಕಸಿನ್ಸ್ ಟೀಚರ್ ಕೇಳಿದ ಓಟು



ದಿನಾ ಬೆಳಿಗ್ಗೆ ಪ್ರೇಯರ್‌ನಲ್ಲಿ ನಾವೆಲ್ಲ ಸಾಲಾಗಿ ನಿಂತು ಜನಗಣಮನ ಹಾಡ್ತೀವಿ. ಬರೆದವರು ಯಾರು ಅಂತ ಕೇಳಿದ್ರೆ ಒಂದನೇ ಕ್ಲಾಸಿನವರೂ ರವೀಂದ್ರನಾಥ ಟಾಗೋರ್ ಅಂತ ಹೇಳ್ತಾರೆ. ಆದರೆ 1919ರ ಫೆಬ್ರವರಿಯಲ್ಲಿ ಆಂಧ್ರದ ಮದನಪಲ್ಲಿಯ ಕಾಲೇಜಿಗೆ ಟಾಗೋರರು ಬಂದು ಈ ಹಾಡನ್ನು ಹಾಡಿದಾಗ, ಅವರ ಮುಂದೆ ಕೂತು ಅದರ ಸ್ವರಗಳನ್ನು ಬರೆದುಕೊಂಡು ವಿದ್ಯಾರ್ಥಿಗಳಿಗೆ ಕಲಿಸಿದ ಒಬ್ಬ ಟೀಚರಮ್ಮ ಇದ್ದರು. ಅವರ ಹೆಸರು ಮಾರ್ಗರೆಟ್ ಕಸಿನ್ಸ್.

ಕಸಿನ್ಸ್ ಅನ್ನೋ ಹೆಸರು ಎಲ್ಲೋ ಕೇಳಿದ ಹಾಗಿದೆ ಅಲ್ವಾ? ಕುವೆಂಪು ಅವರು ಚಿಕ್ಕ ವಯಸ್ಸಿನಲ್ಲಿ ಇಂಗ್ಲಿಷ್ ಕವಿತೆ ಬರೆದು, 1924ರಲ್ಲಿ ಮೈಸೂರಿಗೆ ಬಂದಿದ್ದ ಒಬ್ಬ ಐರಿಷ್ ಕವಿಗೆ ತೋರಿಸಿದರು. ಅವರು ನೋಡಿ, ನಿಮ್ಮ ತಾಯಿನುಡಿಯಲ್ಲಿ ಬರೆಯಿರಿ ಎಂದರು. ಆ ಕವಿ ಜೇಮ್ಸ್ ಕಸಿನ್ಸ್. ನಮ್ಮ ಟೀಚರಮ್ಮ ಅವರ ಹೆಂಡತಿ. ಗಂಡನ ಕಥೆ ನಮ್ಮಲ್ಲಿ ಎಲ್ಲರೂ ಹೇಳ್ತಾರೆ, ಹೆಂಡತಿಯ ಕಥೆ ಹೇಳುವವರು ಕಮ್ಮಿ. ಅದಕ್ಕೇ ಈ ಸಲ ನಾನು ಅವರ ಬಗ್ಗೆ ಬರೆದಿದ್ದೇನೆ.

ಮಾರ್ಗರೆಟ್ ಹುಟ್ಟಿದ್ದು 1878ರಲ್ಲಿ, ಐರ್ಲೆಂಡ್ ದೇಶದ ಬಾಯ್ಲ್ ಎಂಬ ಊರಿನಲ್ಲಿ. ಮನೆ ತುಂಬಾ ತಮ್ಮಂದಿರು ತಂಗಿಯರು, ಇವರೇ ಹಿರಿಯರು. ಸಂಗೀತ ಓದಿ ಪದವಿ ಪಡೆದರು. 1903ರಲ್ಲಿ ಮದುವೆಯಾಯಿತು. ಆಗ ಆ ದೇಶದಲ್ಲಿ ಪಾರ್ಲಿಮೆಂಟಿಗೆ ಓಟು ಹಾಕುವ ಹಕ್ಕು ಹೆಂಗಸರಿಗೆ ಇರಲಿಲ್ಲ. ಎಷ್ಟು ಓದಿದ್ದರೂ ಅಷ್ಟೇ. 1908ರಲ್ಲಿ ಇವರು ಗೆಳತಿಯರ ಜೊತೆ ಸೇರಿ ಓಟಿಗಾಗಿ ಒಂದು ಸಂಘ ಕಟ್ಟಿದರು. ಅರ್ಜಿ ಕೊಟ್ಟರು, ಭಾಷಣ ಮಾಡಿದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕೊನೆಗೆ 1910ರಲ್ಲಿ ಲಂಡನ್ನಿನಲ್ಲಿ, 1913ರಲ್ಲಿ ಡಬ್ಲಿನ್ನಿನಲ್ಲಿ ಸರ್ಕಾರದ ಕಟ್ಟಡಗಳ ಕಿಟಕಿ ಗಾಜು ಒಡೆಯುವ ಚಳವಳಿಯಲ್ಲಿ ಸೇರಿ ಎರಡು ಸಲವೂ ಜೈಲಿಗೆ ಹೋದರು. ಎರಡನೇ ಸಲ ಜೈಲಿನಲ್ಲಿ ಊಟ ಬಿಟ್ಟು ಉಪವಾಸ ಕೂತರು.

ಟೀಚರ್ ಆದವರು ಗಾಜು ಒಡೆಯಬಹುದಾ ಅಂತ ನಮ್ಮ ಕ್ಲಾಸಿನಲ್ಲಿ ದೊಡ್ಡ ಚರ್ಚೆ ಆಯಿತು. ಹುಡುಗರು ತಪ್ಪು ಅಂದ್ರು. ನನಗೂ ಪೂರ್ತಿ ಸರಿ ಅನ್ನಿಸಲಿಲ್ಲ. ಆದರೆ ನಮ್ಮ ದೇಶಕ್ಕೆ ಬಂದ ಮೇಲೆ ಅವರು ಕಲ್ಲು ಹಿಡಿಯಲಿಲ್ಲ. ಪೆನ್ನು ಹಿಡಿದರು.

1915ರಲ್ಲಿ ಗಂಡ ಹೆಂಡತಿ ಇಬ್ಬರೂ ಭಾರತಕ್ಕೆ ಬಂದರು. ಮದನಪಲ್ಲಿಯ ಕಾಲೇಜಿನಲ್ಲಿ ಮಾರ್ಗರೆಟ್ ಇಂಗ್ಲಿಷ್ ಪಾಠ ಮಾಡಿದರು. 1917ರಲ್ಲಿ ಮದ್ರಾಸಿನ ಅಡ್ಯಾರಿನಲ್ಲಿ ಆನಿ ಬೆಸೆಂಟ್, ಡೊರೊತಿ ಜಿನರಾಜದಾಸ ಮುಂತಾದವರ ಜೊತೆ ಭಾರತೀಯ ಮಹಿಳಾ ಸಂಘ ಶುರು ಮಾಡಿದರು.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ಅದೇ ವರ್ಷ ಇಂಗ್ಲೆಂಡಿನಿಂದ ಮಾಂಟೆಗು ಎಂಬ ಮಂತ್ರಿ ಬಂದರು. ಭಾರತದವರಿಗೆ ಆಡಳಿತದಲ್ಲಿ ಎಷ್ಟು ಪಾಲು ಕೊಡಬೇಕು ಅಂತ ವಿಚಾರಿಸೋಕೆ ಬಂದಿದ್ದು. ಹೆಣ್ಣುಮಕ್ಕಳಿಗೆ ಶಾಲೆ ಬೇಕು, ಶಿಕ್ಷಣ ಬೇಕು ಅಂತ ಕೇಳಲು ಮಾರ್ಗರೆಟ್ ಭೇಟಿಗೆ ಸಮಯ ಕೇಳಿದರು. ರಾಜಕೀಯದ ವಿಷಯ ಇದ್ದರೆ ಮಾತ್ರ ಭೇಟಿ, ಬೇರೆಯದಕ್ಕೆ ಇಲ್ಲ ಅಂತ ಉತ್ತರ ಬಂತು. ಬೇರೆಯವರಾಗಿದ್ದರೆ ಸುಮ್ಮನಾಗುತ್ತಿದ್ದರು. ಇವರು ಅರ್ಜಿಗೆ ಓಟನ್ನೂ ಸೇರಿಸಿಬಿಟ್ಟರು! ಹೊಸ ಕಾಯಿದೆಯಲ್ಲಿ ಜನರಿಗೆ ಓಟು ಅಂತ ಬರೆಯುವಾಗ ಹೆಂಗಸರನ್ನೂ ಜನ ಎಂದು ಎಣಿಸಬೇಕು, ಇಷ್ಟೇ ಅವರು ಕೇಳಿದ್ದು. 1917ರ ಡಿಸೆಂಬರಿನಲ್ಲಿ ಸರೋಜಿನಿ ನಾಯ್ಡು ಅವರ ಮುಂದಾಳತ್ವದಲ್ಲಿ ಹೆಂಗಸರ ನಿಯೋಗ ಮದ್ರಾಸಿನಲ್ಲಿ ಮಾಂಟೆಗು ಅವರನ್ನು ಕಂಡು ಆ ಅರ್ಜಿ ಕೊಟ್ಟಿತು.

ನನಗೆ ಇದರಲ್ಲಿ ಅರ್ಥವಾದದ್ದು ಏನೆಂದರೆ, ಓಟು ಇಲ್ಲದವರು ಶಾಲೆ ಬೇಕು ಅಂದರೆ ಒಳಗೇ ಬಿಡುವುದಿಲ್ಲ. ಮಕ್ಕಳಿಗಂತೂ ಓಟಿಲ್ಲ. ಅವರ ತಾಯಿಗೂ ಇಲ್ಲದಿದ್ದರೆ ಅವರ ಪರವಾಗಿ ಕೇಳೋರು ಯಾರು?

ಇಂಗ್ಲಿಷ್ ಸರ್ಕಾರ ಕೂಡಲೇ ಒಪ್ಪಲಿಲ್ಲ. ಬೇಕಾದರೆ ಆಯಾ ಪ್ರಾಂತ್ಯದವರೇ ತೀರ್ಮಾನ ಮಾಡಿಕೊಳ್ಳಲಿ ಎಂದಿತು. 1921ರಲ್ಲಿ ಮದ್ರಾಸ್ ಪ್ರಾಂತ್ಯ ಹೆಂಗಸರಿಗೆ ಓಟು ಕೊಟ್ಟಿತು. ನಮ್ಮ ಗುಂಡ್ಲುಪೇಟೆ ಆಗ ಮೈಸೂರು ಸಂಸ್ಥಾನಕ್ಕೆ ಸೇರಿತ್ತು. ಇಲ್ಲಿ 1923ರ ಕಾಯಿದೆಯಿಂದ ಪ್ರಜಾಪ್ರತಿನಿಧಿ ಸಭೆಗೆ ಓಟು ಹಾಕುವ ಹಕ್ಕು ಹೆಂಗಸರಿಗೂ ಬಂತು. ಆದರೆ ಎಲ್ಲರಿಗೂ ಅಲ್ಲ. ಆಸ್ತಿ, ಕಂದಾಯ ಇಂಥ ಷರತ್ತು ಇತ್ತು. ಹೊಲ ಮನೆ ಎಲ್ಲ ಗಂಡಸರ ಹೆಸರಲ್ಲೇ ಇರುವಾಗ ಎಷ್ಟು ಜನ ಹೆಂಗಸರಿಗೆ ಸಿಕ್ಕಿರಬಹುದು, ನೀವೇ ಯೋಚನೆ ಮಾಡಿ.

ಈ ನಡುವೆ 1919-20ರಲ್ಲಿ ಮಾರ್ಗರೆಟ್ ನಮ್ಮ ಮಂಗಳೂರಿನಲ್ಲೇ ಇದ್ದರು. ಅಲ್ಲಿನ ರಾಷ್ಟ್ರೀಯ ಬಾಲಕಿಯರ ಶಾಲೆಗೆ ಅವರೇ ಮೊದಲ ಹೆಡ್‌ಮಿಸ್ಟ್ರೆಸ್. 1922ರಲ್ಲಿ ಮದ್ರಾಸಿನಲ್ಲಿ ಮ್ಯಾಜಿಸ್ಟ್ರೇಟ್ ಆದರು. ಭಾರತದಲ್ಲಿ ಆ ಕೆಲಸಕ್ಕೆ ಬಂದ ಮೊದಲ ಹೆಂಗಸು ಇವರು. 1926ರಲ್ಲಿ ಹೆಂಗಸರು ಚುನಾವಣೆಗೂ ನಿಲ್ಲಬಹುದು ಎಂದಾಯಿತು. ಆಗ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರಿಗೆ ಧೈರ್ಯ ಹೇಳಿ ನಿಲ್ಲಿಸಿದವರೂ ಇವರೇ. ತಾವೇ ಪ್ರಚಾರ ಮಾಡಿದರು. ಕಮಲಾದೇವಿ ನೂರಕ್ಕೂ ಕಮ್ಮಿ ಓಟಿನಿಂದ ಸೋತರು. ನನಗಂತೂ ಓದುವಾಗ ಛೇ ಅನ್ನಿಸಿತು.

1927ರ ಜನವರಿಯಲ್ಲಿ ಪುಣೆಯಲ್ಲಿ ಅಖಿಲ ಭಾರತ ಮಹಿಳಾ ಸಮ್ಮೇಳನ ಸೇರಿತು. ಇದಕ್ಕೂ ಊರೂರಿಗೆ ಕಾಗದ ಬರೆದು ಹೆಂಗಸರನ್ನು ಕೂಡಿಸಿದವರು ಮಾರ್ಗರೆಟ್. ಸೇರಿದ್ದು ಹೆಣ್ಣುಮಕ್ಕಳ ಶಿಕ್ಷಣದ ಬಗ್ಗೆ ಮಾತಾಡೋಕೆ. ಮಾತಾಡುತ್ತಾ ಹೋದ ಹಾಗೆ ಎಲ್ಲರಿಗೂ ಒಂದೇ ಅಡ್ಡಿ ಕಂಡಿತು. ಹುಡುಗಿಯನ್ನು ಹತ್ತು ಹನ್ನೆರಡು ವರ್ಷಕ್ಕೇ ಮದುವೆ ಮಾಡಿ ಕಳಿಸಿದರೆ ಶಾಲೆ ಕಟ್ಟಿಸಿ ಏನು ಪ್ರಯೋಜನ? ಅದಕ್ಕೆ ಬಾಲ್ಯವಿವಾಹ ನಿಲ್ಲಿಸಬೇಕು ಅಂತ ಹಟ ಹಿಡಿದರು. 1929ರಲ್ಲಿ ಶಾರದಾ ಕಾಯಿದೆ ಬಂತು. ಹುಡುಗಿಗೆ 14, ಹುಡುಗನಿಗೆ 18 ವರ್ಷ ಆಗದೆ ಮದುವೆ ಮಾಡಬಾರದು ಎಂದಾಯಿತು. ಶಾರದಾ ಅಂದರೆ ಹೆಂಗಸಿನ ಹೆಸರಲ್ಲ, ಮಸೂದೆ ತಂದ ಹರಬಿಲಾಸ್ ಸಾರ್ದಾ ಅವರ ಹೆಸರು. ನಾನೂ ಮೊದಲು ತಪ್ಪು ತಿಳಿದಿದ್ದೆ.

ಈಗ 2006ರ ಕಾಯಿದೆ ಪ್ರಕಾರ ಹುಡುಗಿಗೆ 18, ಹುಡುಗನಿಗೆ 21. ಇದು ಪುಸ್ತಕದಲ್ಲಿ ಇರೋದು. ಎಂಟನೇ ಕ್ಲಾಸಿನಲ್ಲಿ ನನ್ನ ಪಕ್ಕ ಕೂತ್ಕೊಳ್ತಿದ್ದವಳು ಈ ವರ್ಷ ಶಾಲೆಗೆ ಬರ್ತಿಲ್ಲ. ಹೆಸರು, ಊರು ಬರೆಯಲ್ಲ. ಲೆಕ್ಕದಲ್ಲಿ ನನಗಿಂತ ಜಾಣೆ. ದಸರಾ ರಜೆ ಮುಗಿಸಿ ಬಂದಾಗ ಅವಳ ಜಾಗ ಖಾಲಿ ಇತ್ತು. ಮದುವೆ ಆದ ಮೇಲೆ ನಮಗೆ ಗೊತ್ತಾಯ್ತು. ಮೊದಲೇ ಗೊತ್ತಾಗಿದ್ದರೂ ಏನು ಮಾಡಬೇಕು ಅಂತ ನಮಗೆ ಆಗ ತಿಳಿದಿರಲಿಲ್ಲ. ಈಗ ತಿಳಿದಿದೆ: 1098ಕ್ಕೆ ಫೋನ್ ಮಾಡಬೇಕು, ದುಡ್ಡು ಬೇಕಿಲ್ಲ. ಇದನ್ನು ದಯವಿಟ್ಟು ಎಲ್ಲರೂ ನೋಟ್ ಬುಕ್ಕಿನ ಹಿಂದೆ ಬರೆದುಕೊಳ್ಳಿ.

ನಮ್ಮ ಅಜ್ಜಿಗೆ ಇದನ್ನೆಲ್ಲ ಓದಿ ಹೇಳಿದೆ. "ನಮ್ಮುನ್ನ ಯಾರ್ ಕೇಳೋರು ಮಗಾ, ಹದಿಮೂರ್ ವರ್ಸಕ್ಕೆ ಮದ್ವೆ ಅಂದ್ರು, ಆದೊ" ಅಂದ್ರು. ಅಜ್ಜಿ ಮದುವೆ ಆದಾಗ ಕಾಯಿದೆ ಬಂದು ಮೂವತ್ತು ವರ್ಷ ದಾಟಿತ್ತು. ಯಾರಿಗೂ ಗೊತ್ತೇ ಇರಲಿಲ್ಲವಂತೆ.

ಮಾರ್ಗರೆಟ್ ಅವರ ಮುಂದಿನ ಜೀವನ ಬೇಗ ಹೇಳಿ ಮುಗಿಸುತ್ತೇನೆ, ಹಾಳೆಯಲ್ಲಿ ಜಾಗ ಕಮ್ಮಿ ಇದೆ. 1932ರಲ್ಲಿ ಸರ್ಕಾರ ಜನರ ಬಾಯಿ ಕಟ್ಟುವ ಆಜ್ಞೆ ತಂದಾಗ ಅದನ್ನು ವಿರೋಧಿಸಿ ಮಾತಾಡಿ ಜೈಲಿಗೆ ಹೋದರು. ಅಲ್ಲಿಗೆ ಐರ್ಲೆಂಡ್, ಇಂಗ್ಲೆಂಡ್, ಭಾರತ ಮೂರು ದೇಶದ ಜೈಲೂ ನೋಡಿದ ಹಾಗಾಯಿತು. 1936ರಲ್ಲಿ ಮಹಿಳಾ ಸಮ್ಮೇಳನದ ಅಧ್ಯಕ್ಷರಾದರು. ಇಲ್ಲಿನ ಹೆಂಗಸರೇ ಮುಂದೆ ಬಂದಿದ್ದಾರೆ, ನಾನು ಹಿಂದೆ ಸರಿಯಬೇಕು ಎಂದು ಅವರಿಗೆ ಅನ್ನಿಸಿತ್ತು. ಇದು ನನಗೆ ಬಹಳ ಹಿಡಿಸಿದ ಗುಣ. ಆಮೇಲೆ ಲಕ್ವ ಹೊಡೆದು ಹಾಸಿಗೆ ಹಿಡಿದರು. 1954ರ ಮಾರ್ಚ್ 11ರಂದು ತೀರಿಕೊಂಡರು.

ಅಷ್ಟರಲ್ಲಿ 1950ರ ಸಂವಿಧಾನ ಆಸ್ತಿ, ಓದು ಯಾವುದನ್ನೂ ಕೇಳದೆ ಎಲ್ಲ ಹೆಂಗಸರಿಗೂ ಓಟು ಕೊಟ್ಟಿತ್ತು. 1951-52ರ ಮೊದಲ ಚುನಾವಣೆಗೆ ಪಟ್ಟಿ ಮಾಡುವಾಗ ಉತ್ತರದ ಕಡೆ ಎಷ್ಟೋ ಹೆಂಗಸರು ತಮ್ಮ ಹೆಸರು ಹೇಳದೆ ಇಂಥವರ ಹೆಂಡತಿ, ಇಂಥವರ ತಾಯಿ ಅಂತಲೇ ಬರೆಸಿದರು. ಹೆಸರಿಲ್ಲದೆ ಓಟಿಲ್ಲ ಅಂತ ಸುಮಾರು 28 ಲಕ್ಷ ಹೆಂಗಸರನ್ನು ಪಟ್ಟಿಯಿಂದ ತೆಗೆದುಹಾಕಬೇಕಾಯಿತು.

ನಮ್ಮ ಕ್ಷೇತ್ರದ ಕಥೆ ನಿಮಗೆ ಗೊತ್ತೇ ಇದೆ. ಗುಂಡ್ಲುಪೇಟೆಯಿಂದ ಹಲವು ಸಲ ಗೆದ್ದ ಕೆ. ಎಸ್. ನಾಗರತ್ನಮ್ಮನವರು 1972ರಲ್ಲಿ ವಿಧಾನಸಭೆಯ ಸ್ಪೀಕರ್ ಆದರು. ರಾಜ್ಯದಲ್ಲಿ ಆ ಕುರ್ಚಿಯಲ್ಲಿ ಕೂತ ಮೊದಲ ಹೆಂಗಸು ಅವರು. ಅಜ್ಜಿ ಮೊದಲ ಸಲ ಓಟು ಹಾಕಿದ್ದೂ ಅದೇ ವರ್ಷವಂತೆ. ಯಾರಿಗೆ ಹಾಕಿದ್ರಿ ಅಂತ ಕೇಳಿದೆ. "ಅದ್ನ ಯಾರ್ಗೂ ಹೇಳ್ಬಾರ್ದು ಕನ ಮಗಾ" ಅಂತ ನಕ್ಕು ಒಳಗೆ ಹೋದ್ರು.