ತಲೆ ಬಗ್ಗಿಸಿದರೆ ಲೆಕ್ಕ ಬಂದೀತೇ?

ಶಾಲಾ ಮಕ್ಕಳ ಗಣಿತ ಕಲಿಕೆಯನ್ನು ಕುರಿತ ಮಾತುಕತೆಯ ಕಾರ್ಯಕ್ರಮಕ್ಕೆ ದೃಶ್ಯಗಳನ್ನು ಹುಡುಕುತ್ತಾ ಕಳೆದ ಮಳೆಗಾಲದಲ್ಲಿ ನಾವು ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಒಂದು ವಾರ ಸುತ್ತಿದೆವು. ಹೊಸನಗರದ ಕಡೆಯ ಒಂದು ಮನೆಯ ಜಗಲಿಯಲ್ಲಿ ಆರನೆಯ ತರಗತಿಯ ಹುಡುಗಿಯೊಬ್ಬಳು ಲೆಕ್ಕ ಮಾಡುತ್ತಾ ಕುಳಿತಿದ್ದಳು. ಹೊರಗೆ ಜಡಿಮಳೆ; ಒಳಗೆ ಒಂದೇ ದೀಪ, ಅದೂ ಅವಳ ಬೆನ್ನ ಹಿಂದೆ. ನೆಲದ ಮೇಲಿಟ್ಟ ಪುಸ್ತಕಕ್ಕೆ ಮೂಗು ತಾಗುವಷ್ಟು ಬಾಗಿದ್ದಳು. ನಮ್ಮ ಛಾಯಾಗ್ರಾಹಕರು ಕ್ಯಾಮೆರಾವನ್ನು ಎಷ್ಟು ಕೆಳಗಿಳಿಸಿದರೂ ಮುಖ ಸಿಗಲಿಲ್ಲ. "ಸ್ವಲ್ಪ ತಲೆ ಎತ್ತು ಪುಟ್ಟಿ" ಎಂದದ್ದಕ್ಕೆ ಅಜ್ಜಿ ಒಳಗಿನಿಂದಲೇ, "ತಲೆ ಎತ್ತಿ ಕೂತ್ರೆ ಲೆಕ್ಕ ಬರ್ತದಾ ಮಾರಾಯ್ರೆ? ಮೊದ್ಲೇ ಅವಳಿಗೆ ಗಣಿತ ಅಂದ್ರೆ ಹೆದರಿಕೆ" ಎಂದರು.

ಅಜ್ಜಿಯ ಎರಡು ಮಾತುಗಳಿಗೂ ಒಂದಕ್ಕೊಂದು ನಂಟಿದೆ. ಆ ನಂಟನ್ನು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ಸ್ಟೇಟ್ ವಿಶ್ವವಿದ್ಯಾಲಯದ ಎರಿಕ್ ಪೆಪರ್ ಮತ್ತು ಸಂಗಡಿಗರು ಸರಳವಾದ ಪ್ರಯೋಗವೊಂದರಿಂದ ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದರು. 125 ಕಾಲೇಜು ವಿದ್ಯಾರ್ಥಿಗಳು. ಅರ್ಧದಷ್ಟು ಮಂದಿ ನೆಟ್ಟಗೆ ಕೂರಬೇಕು, ಉಳಿದವರು ಕುಗ್ಗಿ ಕೂರಬೇಕು. 964ರಿಂದ ಏಳೇಳನ್ನು ಮನಸ್ಸಿನಲ್ಲೇ ಕಳೆಯುತ್ತಾ ಹೋಗಬೇಕು: 957, 950, 943, ಹೀಗೆ. ಆಮೇಲೆ ಭಂಗಿ ಅದಲುಬದಲು. ಈ ಸಲ 834ರಿಂದ. ಲೆಕ್ಕ ಎಷ್ಟು ಕಷ್ಟವೆನಿಸಿತೆಂದು ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡಬೇಕು. ಕುಗ್ಗಿ ಕುಳಿತಾಗ ಸರಾಸರಿ 6.2, ನೆಟ್ಟಗೆ ಕುಳಿತಾಗ 4.9. ಗಮನಿಸಬೇಕಾದ ಸಂಗತಿ ಮುಂದಿದೆ. ಪರೀಕ್ಷೆಯೆಂದರೆ ಕೈಕಾಲು ತಣ್ಣಗಾಗುವ, ಗಣಿತವೆಂದರೆ ಎಲ್ಲವೂ ಮರೆತುಹೋಗುವ ವಿದ್ಯಾರ್ಥಿಗಳಲ್ಲಿ ಈ ಅಂತರ ಬಹಳ ದೊಡ್ಡದಾಗಿತ್ತು. ಅಂಜಿಕೆಯಿಲ್ಲದವರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಹೀಗೇಕೆ? 943ರಿಂದ ಏಳನ್ನು ಕಳೆಯಬೇಕಾದರೆ ಮೂರರಿಂದ ಏಳು ಹೋಗದು. ಪಕ್ಕದ ಮನೆಯಿಂದ ಒಂದು ದಶಕ ಸಾಲ ತರಬೇಕು, ತಂದದ್ದನ್ನು ನೆನಪಿಡಬೇಕು, ಉಳಿದದ್ದನ್ನೂ ನೆನಪಿಡಬೇಕು. ಈ ಕ್ಷಣಿಕ ನೆನಪಿನ ಜಾಗ ಮಿದುಳಿನಲ್ಲಿ ಬಲು ಇಕ್ಕಟ್ಟು. "ನನಗೆ ಬರುವುದಿಲ್ಲ, ಈಗ ಬೈಯುತ್ತಾರೆ" ಎಂಬ ಯೋಚನೆಯೂ ಅದೇ ಜಾಗದಲ್ಲಿ ಬಂದು ಕೂರುತ್ತದೆ. ಗಣಿತದ ಭಯ ಈ ನೆನಪನ್ನು ಕಬಳಿಸುತ್ತದೆಂದು ಆಶ್‌ಕ್ರಾಫ್ಟ್ ಮತ್ತು ಕರ್ಕ್ ಎಂಬ ಮನಶ್ಶಾಸ್ತ್ರಜ್ಞರು 2001ರಲ್ಲೇ ತೋರಿಸಿದ್ದರು. ಹೆಗಲು ಮುದುಡಿ, ಎದೆ ಒತ್ತಿ, ಉಸಿರು ಮೇಲುಮೇಲಕ್ಕೆ ಆಡುವ ಭಂಗಿ ಹೆದರಿದವನ ಭಂಗಿಯೇ ತಾನೆ! ಹೆದರಿಕೆಯಿಂದ ಮೈ ಕುಗ್ಗುವಂತೆ, ಕುಗ್ಗಿದ ಮೈಯೂ ಹೆದರಿಕೆಯನ್ನು ಎಬ್ಬಿಸುತ್ತದೆ ಎಂಬುದು ಪೆಪರ್ ಅವರ ವಿವರಣೆ.

ಇಲ್ಲಿ ಸ್ವಲ್ಪ ತಡೆಯಬೇಕು. ಆ ಪ್ರಯೋಗದಲ್ಲಿ ಅಳೆದದ್ದು ಕಷ್ಟದ ಅನಿಸಿಕೆಯನ್ನು, ಸರಿಯುತ್ತರಗಳನ್ನಲ್ಲ. ಕುಳಿತವರೂ ಯುವಕ ಯುವತಿಯರು, ಹನ್ನೊಂದು ವರ್ಷದ ಮಕ್ಕಳಲ್ಲ. ಎದೆಯುಬ್ಬಿಸಿ ನಿಂತರೆ ಹಾರ್ಮೋನುಗಳೇ ಬದಲಾಗುತ್ತವೆ ಎಂದು 2010ರಲ್ಲಿ ಬಂದ ಸಂಶೋಧನೆಯೊಂದು ಭಾರಿ ಸುದ್ದಿ ಮಾಡಿತ್ತು. 2015ರಲ್ಲಿ ಇನ್ನೂರು ಜನರನ್ನಿಟ್ಟು ಮತ್ತೆ ಪರೀಕ್ಷಿಸಿದಾಗ ಹಾರ್ಮೋನಿನ ಮಾತು ನಿಲ್ಲಲಿಲ್ಲ. ಆದ್ದರಿಂದ ಬೆನ್ನು ನೆಟ್ಟಗಾದ ಕೂಡಲೇ ಭಿನ್ನರಾಶಿ ಕರಗತವಾಗುತ್ತದೆಂದು ಯಾರೂ ತಿಳಿಯಬಾರದು. ಮಗ್ಗಿ ಕಲಿಯಲೇಬೇಕು. ಕಲಿತದ್ದು ಭಯದಲ್ಲಿ ಮುಚ್ಚಿಹೋಗದಂತೆ ಭಂಗಿ ಸ್ವಲ್ಪ ನೆರವಾದೀತು, ಅಷ್ಟೇ. ಆದರೆ "ನನ್ನ ತಲೆಗೆ ಗಣಿತ ಹತ್ತದು" ಎಂದು ಆರನೆಯ ತರಗತಿಯಲ್ಲೇ ತೀರ್ಮಾನಿಸಿಬಿಡುವ ಮಗುವಿಗೆ ಆ ಸ್ವಲ್ಪವೂ ಕಡಿಮೆಯಲ್ಲ.

ನೆಲದ ಮೇಲೆ ಕೂರುವುದೇ ತಪ್ಪೆಂದು ಭಾವಿಸಬೇಕಾಗಿಲ್ಲ. ಚಕ್ಕಳಮಕ್ಕಳ ಹಾಕಿ ಕುಳಿತೂ ಬೆನ್ನು ನೇರವಾಗಿರಬಲ್ಲದು. ತಪ್ಪಿರುವುದು ಪುಸ್ತಕ ನೆಲದಲ್ಲಿರುವುದರಲ್ಲಿ. ಹಿಂದೆ ಶ್ಯಾನುಭೋಗರು ನೆಲದಲ್ಲೇ ಕುಳಿತು ಊರಿನ ಲೆಕ್ಕವನ್ನೆಲ್ಲ ಬರೆಯುತ್ತಿದ್ದರು. ಆದರೆ ಮುಂದೆ ಇಳಿಜಾರು ಮುಚ್ಚಳದ ಪೆಟ್ಟಿಗೆ ಇರುತ್ತಿತ್ತು. ಕಾಗದ ಕಣ್ಣಿನತ್ತ ಏರಿ ಬರುತ್ತಿತ್ತು, ಕಣ್ಣು ಕಾಗದಕ್ಕೆ ಇಳಿಯಬೇಕಾಗಿರಲಿಲ್ಲ. ಶಾಲೆಯ ಬೆಂಚುಗಳ ಕಥೆ ಬೇರೆ. ನಾವು ನೋಡಿದ ಒಂದು ಕೊಠಡಿಯಲ್ಲಿ ನಾಲ್ಕನೆಯವರಿಗೂ ಏಳನೆಯವರಿಗೂ ಒಂದೇ ಎತ್ತರದ ಡೆಸ್ಕು. ಚಿಕ್ಕವರಿಗೆ ಅದು ಗಲ್ಲದ ಮಟ್ಟಕ್ಕೆ, ದೊಡ್ಡವರಿಗೆ ಮೊಣಕಾಲಿಗೆ.

ಇನ್ನೊಂದು ಮಾತು ಕೈಬೆರಳುಗಳದ್ದು. ಬೆರಳೆಣಿಸಿದರೆ ಗದರುವ ಹಿರಿಯರು ಇಂದಿಗೂ ಇದ್ದಾರೆ. ಷಿಕಾಗೋ ವಿಶ್ವವಿದ್ಯಾಲಯದ ಸೂಸನ್ ಗೋಲ್ಡಿನ್-ಮೆಡೋ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಗಣಿತದ ಸಮಸ್ಯೆಯನ್ನು ಕೈಯಾಡಿಸುತ್ತಾ ವಿವರಿಸಿದವರಿಗೆ ಜೊತೆಯಲ್ಲಿ ನೆನಪಿಡಬೇಕಾಗಿದ್ದ ಪಟ್ಟಿ ಹೆಚ್ಚು ನೆನಪಿನಲ್ಲಿ ಉಳಿಯಿತು. ಕೈ ಒಂದಿಷ್ಟು ಭಾರ ಹೊತ್ತರೆ ತಲೆ ಹಗುರವಾಗುತ್ತದೆ. ತಾಳ ಹಾಕುವವರು ಬೆರಳಿನಲ್ಲಿ ಮಾತ್ರೆ ಎಣಿಸುವುದನ್ನು ಯಾರೂ ದಡ್ಡತನ ಎನ್ನುವುದಿಲ್ಲವಲ್ಲ!

ಈ ಸೀಮೆಗೆ ಮೈಯಿಂದ ಲೆಕ್ಕ ಮಾಡುವುದು ಹೊಸತಲ್ಲ. ಗೇಣು, ಮೊಳ, ಮಾರು ಎಲ್ಲವೂ ಮೈಯ ಅಳತೆಗಳೇ. ಸಾಗರದ ಪಕ್ಕದ ಇಕ್ಕೇರಿಯ ಅಘೋರೇಶ್ವರ ದೇವಾಲಯದಲ್ಲಿ ಕಂಬಗಳ ನಡುವಣ ಅಂತರವೇ, ಎಂದರೆ 18 ಅಡಿ 6 ಅಂಗುಲ, ಕೆಳದಿಯ ಅರಸರ ಕಾಲದಲ್ಲಿ ತೋಟದ ಭೂಮಿಯ ಅಳತೆಗೆ ಮಾನದಂಡವಾಗಿತ್ತೆಂದು ಬಿ.ಎಲ್. ರೈಸ್ ಅವರ ಮೈಸೂರು ಗೆಜೆಟಿಯರ್ ಹೇಳುತ್ತದೆ. ಅಷ್ಟುದ್ದದ ಗಳ ಹಿಡಿದು ತೋಟದಲ್ಲಿ ಅಳೆಯುತ್ತಾ ನಡೆದವರ ಕ್ಷೇತ್ರಗಣಿತ ಎದ್ದು ನಿಂತು, ನಡೆದು ಮಾಡಿದ ಗಣಿತ. ಸಾಗರದ ಮಕ್ಕಳನ್ನು ಒಂದು ದಿನ ಅಲ್ಲಿಗೆ ಕರೆದೊಯ್ದು, ದಾರ ಹಿಡಿದು ಅಳೆಸಿ, ಚದರಡಿ ಎಷ್ಟೆಂದು ಕೇಳಬಾರದೇಕೆ?

ಹೊಸನಗರದ ಹುಡುಗಿಯ ವಿಷಯಕ್ಕೆ ಬರೋಣ. ನಮಗೆ ಬೇಕಾಗಿದ್ದುದು ಅವಳ ಮುಖ ಮಾತ್ರ. ಅದಕ್ಕಾಗಿ ದೀಪ ಎದುರಿಗೆ ಬರುವಂತೆ ಅವಳನ್ನು ತಿರುಗಿಸಿ ಕೂರಿಸಿದೆವು. ಎರಡು ಮಣೆಗಳನ್ನು ಒಂದರ ಮೇಲೊಂದಿಟ್ಟು, ಅದರ ಮೇಲೊಂದು ಡಬ್ಬವನ್ನು ಅಡ್ಡವಿಟ್ಟು ಪುಸ್ತಕವನ್ನು ಒರಗಿಸಿದೆವು. 3624ನ್ನು 6ರಿಂದ ಭಾಗಿಸಿ 64 ಎಂದು ಬರೆದಿದ್ದಳು. ಮತ್ತೆ ಮಾಡಿದಳು, ಮತ್ತೆ 64 ಬಂತು. ನಾವು ಸುಮ್ಮನಿದ್ದೆವು. ಸ್ವಲ್ಪ ಹೊತ್ತು ಹಾಳೆಯನ್ನೇ ನೋಡಿ, ಬೆರಳಿನಿಂದ ಅಂಕಿಗಳನ್ನು ಒಂದೊಂದಾಗಿ ಮುಟ್ಟುತ್ತಾ ಹೋಗಿ, "ಇಲ್ಲಿ ಎರಡರಲ್ಲಿ ಆರು ಹೋಗ್ಲಿಲ್ಲ, ಸೊನ್ನೆ ಹಾಕ್ಬೇಕಿತ್ತು" ಎಂದಳು. ಊಟಕ್ಕೆ ಮಣೆ ಬೇಕೆಂದು ಅಜ್ಜಿ ಎರಡು ಸಲ ಕೂಗಿದ ಮೇಲೆಯೇ ಅವಳು ಪುಸ್ತಕ ಮುಚ್ಚಿದ್ದು.